ನಾಲ್ಕು ಊರು, ಒಂದು ಮನೆ

ಈ ಸಲ ಬಂದ ಪತ್ರಗಳಲ್ಲಿ ಒಂದು ನನ್ನ ಮೇಜಿನ ಮೇಲೇ ಉಳಿಯಿತು. ಬೆಂಗಳೂರಿನಿಂದ ಒಬ್ಬ ಸಹೋದರಿ ಬರೆದದ್ದು. ಪತಿಗೆ ಮೋಟಾರ್ ರಿವೈಂಡಿಂಗ್ ಕೆಲಸ. ಹದಿನಾಲ್ಕು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದಾರೆ. ಬಾಡಿಗೆ ಏರುತ್ತಲೇ ಇದೆ, ಈಗ ಮಾಲೀಕರು ಮನೆ ಖಾಲಿ ಮಾಡಲು ಹೇಳಿದ್ದಾರೆ. ಇನ್ನೊಂದು ಮನೆ ಹುಡುಕುವ ಬದಲು ನಮ್ಮ ಕಡೆಗೇ ಹೋಗಿಬಿಡೋಣ ಎಂದು ಪತಿ ತೀರ್ಮಾನಿಸಿದ್ದಾರೆ. ಆದರೆ 'ನಮ್ಮ ಕಡೆ' ಎಂದರೆ ಯಾವುದು? ಅತ್ತೆಯ ಊರು ಬಾಗಲಕೋಟೆ. ಮೈದುನನ ಗ್ಯಾರೇಜು ಇರುವುದು ಬಾದಾಮಿಯಲ್ಲಿ. ಆಕೆಯ ತವರು ಹುನಗುಂದ. ಪತಿಯ ಅಕ್ಕ ಇರುವುದು ಇಳಕಲ್‌ನಲ್ಲಿ. ಪ್ರತಿಯೊಬ್ಬರೂ ತಮ್ಮ ಊರಿಗೆ ಕರೆಯುತ್ತಿದ್ದಾರೆ.

"ಆಪಾ, ಎಲ್ಲರೂ ಇವರ ಹತ್ತಿರ ಫೋನಿನಲ್ಲಿ ಮಾತಾಡುತ್ತಾರೆ. ನನ್ನನ್ನು ಮಾತ್ರ ಯಾರೂ ಕೇಳಿಲ್ಲ. ಮಗಳು ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಸೈನ್ಸ್ ಓದಬೇಕೆಂಬ ಆಸೆ. ಚಿಕ್ಕ ಊರಿಗೆ ಹೋದರೆ ಅವಳ ಓದು ನಿಂತುಹೋಗುತ್ತದೋ ಎಂದು ರಾತ್ರಿ ನಿದ್ದೆ ಬರುವುದಿಲ್ಲ. ನಾನು ಹೊಲಿಗೆ ಮಾಡುತ್ತೇನೆ, ಇಲ್ಲಿ ಗಿರಾಕಿಗಳಿದ್ದಾರೆ. ಅಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಯಾವ ಊರು ಒಳ್ಳೆಯದು, ಹೇಳಿ" ಎಂದು ಬರೆದಿದ್ದಾರೆ.

ಸಹೋದರೀ, ಊರಿನ ಮಾತಿಗಿಂತ ಮೊದಲು ಇನ್ನೊಂದು ಮಾತು. ನಿಮ್ಮನ್ನು ಯಾರೂ ಕೇಳಿಲ್ಲ ಎಂದಿರಲ್ಲ, ಅದು ಸಣ್ಣ ವಿಷಯವಲ್ಲ. ಮನೆ ಬದಲಾದರೆ ಗಂಡಸರ ಕೆಲಸದ ಜಾಗ ಬದಲಾಗುತ್ತದೆ. ಆದರೆ ಹೆಂಗಸಿಗೆ ನೀರು ಬರುವ ಹೊತ್ತು, ಹಾಲಿನವನು, ನೆರೆಮನೆ, ಮಕ್ಕಳ ಶಾಲೆ, ಆಸ್ಪತ್ರೆಯ ದಾರಿ, ಹೊಲಿಗೆಯ ಗಿರಾಕಿ ಹೀಗೆ ಎಲ್ಲವೂ ಒಂದೇ ದಿನದಲ್ಲಿ ಬದಲಾಗುತ್ತವೆ. ಕೆಲಸಗಳನ್ನು ಪರಸ್ಪರ ಸಮಾಲೋಚಿಸಿ ಮಾಡಬೇಕೆಂಬುದು ನಮ್ಮ ದೀನ್ ಕಲಿಸಿದ ಪಾಠ. ಮಶ್ವರಾ ಎಂದರೆ ತೀರ್ಮಾನ ಆದ ಮೇಲೆ ತಿಳಿಸುವುದಲ್ಲ, ಮೊದಲೇ ಕೂಡಿ ಕುಳಿತು ಮಾತಾಡುವುದು. ಆದ್ದರಿಂದ ಈ ಪುಟವನ್ನು ನೀವೊಬ್ಬರೇ ಓದಿ ಮಡಚಿಡಬೇಡಿ. ಮನೆಯವರೊಂದಿಗೆ ಕುಳಿತು ಓದಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ನೀರೊಳಗೆ ಹೋದ ಊರು

ನಿಮ್ಮ ಅತ್ತೆ ಹಳೇ ಬಾಗಲಕೋಟೆಯವರು ಎಂದು ಓದಿದಾಗ ನನಗೆ ಬಂಧುವೊಬ್ಬರ ಮನೆಯಲ್ಲಿ ಕಂಡ ಒಬ್ಬ ಅಜ್ಜಿಯ ನೆನಪಾಯಿತು. ನವನಗರದ ಸೆಕ್ಟರೊಂದರಲ್ಲಿ ಮನೆ, ಮುಂದೆ ಅಗಲವಾದ ರಸ್ತೆ, ಬೇವಿನ ಗಿಡ. ಆದರೂ ಯಾರಾದರೂ ವಿಳಾಸ ಕೇಳಿದರೆ ಅಜ್ಜಿ ಸೆಕ್ಟರ್ ನಂಬರ್ ಹೇಳುತ್ತಿರಲಿಲ್ಲ, "ನಾವು ಕಿಲ್ಲಾ ಓಣಿಯವರು" ಎನ್ನುತ್ತಿದ್ದರು. "ಅಲ್ಲಿ ಕಿಟಕಿಯಾಗ ನಿಂತು ಒಂದು ಕೂಗು ಹಾಕಿದ್ರ ನಾಕ್ ಮನಿಯವ್ರು ಬರ್ತಿದ್ರವಾ. ಇಲ್ಲಿ ಫೋನ್ ಹಚ್ಚಬೇಕು" ಎಂದಿದ್ದರು.

ಇತ್ತೀಚಿನ ಓದುಗರಿಗೆ ಈ ಕತೆ ಗೊತ್ತಿರಲಿಕ್ಕಿಲ್ಲ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಬಾಗಲಕೋಟೆಯವರೆಗೂ ಬರುತ್ತದೆಂದು ತಿಳಿದಾಗ, ಎತ್ತರದ ಜಾಗದಲ್ಲಿ ನವನಗರವನ್ನು ಕಟ್ಟಲಾಯಿತು. ಅದರ ನಕ್ಷೆಯ ಹಿಂದೆ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಆಲೋಚನೆ ಇತ್ತು. 1997ರಲ್ಲಿ ಬಿಜಾಪುರ ಜಿಲ್ಲೆಯಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು ಒಪ್ಪಿತು. ಹಳೇ ಊರಿನ ತಗ್ಗಿನ ಓಣಿಗಳು ಖಾಲಿಯಾದವು. ಒಂದು ಊರು ಇದ್ದಲ್ಲಿ ಹಳೇ ಊರು, ವಿದ್ಯಾಗಿರಿ, ನವನಗರ ಎಂದು ಮೂರು ಭಾಗಗಳಾದವು.

ಇದನ್ನು ಯಾಕೆ ಹೇಳಿದೆನೆಂದರೆ, ಊರು ಬಿಡುವುದು ಹೇಗಿರುತ್ತದೆ ಎಂಬುದು ನಿಮ್ಮ ಮನೆಯಲ್ಲೇ ಒಬ್ಬರಿಗೆ ಗೊತ್ತಿದೆ. ಮನೆಗೆ ಪರಿಹಾರ ಸಿಕ್ಕಿತು, ನಿವೇಶನ ಸಿಕ್ಕಿತು. ಆದರೆ ಎಷ್ಟೋ ಓಣಿಗಳಲ್ಲಿ ನೆರೆಯವರು ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಹಂಚಿಹೋದರು. ಆ ನಷ್ಟವನ್ನು ಹೆಚ್ಚು ಅನುಭವಿಸಿದವರು ಹೆಂಗಸರು. ಏಕೆಂದರೆ ಓಣಿಯೆಂಬುದು ಅವರಿಗೆ ಮಕ್ಕಳನ್ನು ಬಿಟ್ಟುಹೋಗುವ ಜಾಗ, ಕೈಗಡ ಕೇಳುವ ಜಾಗ, ಹೆರಿಗೆಗೂ ಮಯ್ಯಿತ್ತಿಗೂ ಓಡಿಬರುವ ಜಾಗವಾಗಿತ್ತು. ಮನೆ ಕೊಳ್ಳುವ ಮೊದಲು ನೆರೆಯವರನ್ನು ನೋಡು ಎಂದು ಅರಬ್ಬರು ಹೇಳುವುದು ಇದಕ್ಕೇ. ನಿಮ್ಮ ಅತ್ತೆಯನ್ನು ಒಮ್ಮೆ ಕೇಳಿ ನೋಡಿ, "ಅಮ್ಮಾ, ಆಗ ನಿಮಗೆ ಏನು ಕಷ್ಟವಾಯಿತು?" ಎಂದು. ಯಾವ ಊರಿನ ಬಗ್ಗೆ ಯಾರು ಹೇಳುವುದಕ್ಕಿಂತಲೂ ಹೆಚ್ಚಿನದನ್ನು ಅವರು ಹೇಳಬಲ್ಲರು.

ಈಗ ಒಂದೊಂದೇ ಊರನ್ನು ನೋಡೋಣ.

ಬಾಗಲಕೋಟೆ

ಓದು ಮತ್ತು ಆಸ್ಪತ್ರೆ, ಈ ಎರಡು ವಿಷಯದಲ್ಲಿ ನಾಲ್ಕು ಊರುಗಳಲ್ಲಿ ಬಾಗಲಕೋಟೆಯೇ ಮುಂದು. ಇದು ಜಿಲ್ಲಾ ಕೇಂದ್ರ. ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು. ವೈದ್ಯಕೀಯ ಕಾಲೇಜು ಇದೆ, 2008ರಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಬಂತು. ನಿಮ್ಮ ಮಗಳು ಪಿಯುಸಿ ಸೈನ್ಸ್ ಮುಗಿಸಿ ನರ್ಸಿಂಗ್, ಫಾರ್ಮಸಿ, ಇಂಜಿನಿಯರಿಂಗ್ ಯಾವುದನ್ನು ಬಯಸಿದರೂ ಮನೆಯಿಂದಲೇ ಹೋಗಿಬರಬಹುದು. ಜಿಲ್ಲಾ ಆಸ್ಪತ್ರೆ ನವನಗರದಲ್ಲಿದೆ. ಅತ್ತೆಗೆ ಸಕ್ಕರೆ ಕಾಯಿಲೆ ಎಂದು ಬರೆದಿದ್ದೀರಿ. ತಿಂಗಳು ತಿಂಗಳು ತೋರಿಸಬೇಕಾದವರಿಗೆ ಇದು ದೊಡ್ಡ ಅನುಕೂಲ. ಗದಗ-ಸೊಲ್ಲಾಪುರ ರೈಲು ಮಾರ್ಗದ ಮೇಲಿರುವುದರಿಂದ ಹುಬ್ಬಳ್ಳಿ, ವಿಜಯಪುರ ಕಡೆಗೂ ಬೆಂಗಳೂರಿಗೂ ರೈಲಿದೆ.

ಕಷ್ಟಗಳೂ ಇವೆ. ನವನಗರ ಅಗಲವಾಗಿ ಹಬ್ಬಿದ ಊರು. ಸೆಕ್ಟರಿನಿಂದ ಸೆಕ್ಟರಿಗೆ ನಡೆದು ಹೋಗುತ್ತೇನೆಂದರೆ ಬೇಸಿಗೆಯ ಬಿಸಿಲಿನಲ್ಲಿ ಆಗದು. ಗಾಡಿ ಇಲ್ಲದ ಹೆಂಗಸು ಮನೆಯಲ್ಲೇ ಉಳಿಯಬೇಕಾದೀತು. ಮನೆ ನೋಡುವಾಗ ಬಸ್ ನಿಲ್ದಾಣ, ಮಸೀದಿ, ಕಾಲೇಜು, ಕಿರಾಣಿ ಅಂಗಡಿ ಎಷ್ಟು ದೂರ ಎಂದು ನೀವೇ ನಡೆದು ನೋಡಿ. ಹಳೇ ಊರಿನಲ್ಲಿ ಪೇಟೆ ಹತ್ತಿರ, ಓಣಿಯ ಜೀವನ ಇನ್ನೂ ಇದೆ. ಹೊಲಿಗೆಗೆ ಗಿರಾಕಿ ಅಲ್ಲಿ ಬೇಗ ಸಿಕ್ಕಾರು. ಆದರೆ ಅಲ್ಲಿ ಕೊಳ್ಳುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಬೇಕು. ಕೃಷ್ಣಾ ಎರಡನೇ ನ್ಯಾಯಾಧೀಕರಣ 2010ರಲ್ಲಿ ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿದೆ. ಆ ಮಟ್ಟಕ್ಕೆ ಇನ್ನೂ ನೀರು ನಿಲ್ಲಿಸಿಲ್ಲ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನಿಸಿದೆ. ಆದ್ದರಿಂದ ನದಿಯ ಕಡೆಗಿನ ತಗ್ಗಿನ ಜಾಗದಲ್ಲಿ ಅಗ್ಗಕ್ಕೆ ಮನೆ ಸಿಗುತ್ತದೆ ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಇದು ಮುಳುಗಡೆ ಮಟ್ಟದೊಳಗೆ ಬರುತ್ತದೆಯೇ? ಒಮ್ಮೆ ಮನೆ ಕಳೆದುಕೊಂಡ ನಿಮ್ಮ ಅತ್ತೆ ಇಳಿವಯಸ್ಸಿನಲ್ಲಿ ಇನ್ನೊಮ್ಮೆ ಗಂಟುಮೂಟೆ ಕಟ್ಟುವಂತಾಗಬಾರದು.

ಬಾದಾಮಿ

ಗುಹೆಗಳು, ಅಗಸ್ತ್ಯ ತೀರ್ಥದ ಕೆರೆ, ಕೆಂಪು ಬಂಡೆಗಳು. ನೋಡಲು ಬಂದವರು ಹೋಗಲು ಮನಸ್ಸಿಲ್ಲದೆ ಹೋಗುವ ಊರು. ಪ್ರವಾಸಿಗರಿಂದ ಖಾನಾವಳಿ, ಲಾಡ್ಜು, ಟಂಟಂ, ಆಟೋಗಳಿಗೆ ದುಡಿಮೆ ಇದೆ. ಹೋಟೆಲುಗಳ ಪಂಪು, ಮೋಟಾರುಗಳೂ ಕೆಡುತ್ತವೆ, ಸುತ್ತಲಿನ ರೈತರ ಪಂಪ್‌ಸೆಟ್ಟುಗಳೂ ಕೆಡುತ್ತವೆ. ಮೈದುನನ ಗ್ಯಾರೇಜಿನ ಪಕ್ಕದಲ್ಲೇ ನಿಮ್ಮವರು ಅಂಗಡಿ ಇಟ್ಟರೆ ಮೊದಲ ದಿನದಿಂದಲೇ ಗುರುತಿನ ಗಿರಾಕಿ ಇರುತ್ತಾರೆ. ಆದರೆ ಪ್ರವಾಸಿಗರ ದುಡ್ಡು ಚಳಿಗಾಲದಲ್ಲಿ ಹೆಚ್ಚು, ಬಿರುಬೇಸಿಗೆಯಲ್ಲಿ ಕಡಿಮೆ ಎಂಬುದು ಲೆಕ್ಕದಲ್ಲಿರಲಿ.

ಬಾದಾಮಿಯಲ್ಲಿ ಮನೆ ಕೊಳ್ಳುವವರು ತಿಳಿಯಲೇಬೇಕಾದ ಕಾನೂನೊಂದಿದೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಸ್ಮಾರಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಬೇಕಾದರೂ, ರಿಪೇರಿ ಮಾಡಬೇಕಾದರೂ ಅನುಮತಿ ಬೇಕು. ಬಾದಾಮಿಯ ಹಳೇ ಊರು ಸ್ಮಾರಕಗಳಿಗೆ ಅಂಟಿಕೊಂಡೇ ಇದೆ. "ಈಗ ಹಳೇ ಮನೆ ತಗೊಳ್ಳೋಣ, ಆಮೇಲೆ ಕೆಡವಿ ಮಾಳಿಗೆ ಕಟ್ಟೋಣ" ಎಂಬ ಯೋಚನೆ ಅಲ್ಲಿ ನಡೆಯದೆ ಹೋಗಬಹುದು. ಮಹಡಿಯ ಮೇಲೆ ಹಪ್ಪಳ, ಸಂಡಿಗೆ ಒಣಹಾಕುವವರು ಕೋತಿಗಳ ಲೆಕ್ಕವನ್ನೂ ಹಿಡಿಯಬೇಕು. ಇದು ನಗುವ ಮಾತಾದರೂ ಅಲ್ಲಿನ ಹೆಂಗಸರಿಗೆ ದಿನದ ಕೆಲಸ.

ಮಗಳ ಪಿಯುಸಿಗೆ ಬಾದಾಮಿಯಲ್ಲೇ ವಿಚಾರಿಸಬಹುದು. ಮುಂದಿನ ಓದಿಗೆ ರೈಲಿನಲ್ಲೋ ಬಸ್ಸಿನಲ್ಲೋ ಬಾಗಲಕೋಟೆಗೆ ಹೋಗಿಬರಬಹುದು. ಆದರೆ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ. ಬೆಳಗ್ಗೆ ಸಂಜೆ ಆ ಐದು ಕಿಲೋಮೀಟರ್ ಯಾರ ಜತೆ, ಯಾವುದರಲ್ಲಿ ಎಂಬುದನ್ನು ಮೊದಲೇ ಯೋಚಿಸಿ. ಊರಿನಾಚೆ, ಮಲಪ್ರಭೆಯ ಕಡೆಗೆ ಮನೆ ನೋಡಿದರೆ 2009 ಮತ್ತು 2019ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದವರನ್ನು ಕೇಳಿ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿತ್ತು.

ಹುನಗುಂದ

ಇದು ನಿಮ್ಮ ತವರು. ಅದಕ್ಕೇ ಪತ್ರದಲ್ಲಿ ಈ ಊರಿನ ಬಗ್ಗೆ ಎರಡೇ ಸಾಲು ಬರೆದು ಸುಮ್ಮನಾಗಿದ್ದೀರಿ. ತವರಿನ ಹೆಸರೆತ್ತಿದರೆ ಮನೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನಮ್ಮಲ್ಲಿ ಎಲ್ಲರಿಗೂ ಇದೆ. ಇದನ್ನೂ ಉಳಿದ ಮೂರರ ಹಾಗೆಯೇ ಅಳೆದು ನೋಡುವುದರಲ್ಲಿ ತಪ್ಪಿಲ್ಲ.

ಹುನಗುಂದ ಎರೆಮಣ್ಣಿನ ಸೀಮೆಯ ತಾಲೂಕು ಕೇಂದ್ರ. ಜೋಳ, ಕಡಲೆಯ ನಾಡು. ಮಳೆ ಚೆನ್ನಾದ ವರ್ಷ ಪೇಟೆಯಲ್ಲಿ ಕೈತುಂಬ ವ್ಯಾಪಾರ, ಮಳೆ ಕೈಕೊಟ್ಟ ವರ್ಷ ಉದ್ರಿ. ನಿಮ್ಮವರ ಕೆಲಸಕ್ಕೂ ಹೊಲಗಳ ಮೋಟಾರುಗಳೇ ಆಧಾರ. ರೈತ ರಾಶಿಯಾದ ಮೇಲೆ ಹಣ ಕೊಡುತ್ತಾನೆ. ಅಲ್ಲಿಯವರೆಗೆ ಮನೆ ನಡೆಸುವಷ್ಟು ಕೈಯಲ್ಲಿರಬೇಕು. ಸೊಲ್ಲಾಪುರ-ಮಂಗಳೂರು ಹೆದ್ದಾರಿ ಪಕ್ಕದಲ್ಲೇ ಹೋಗುವುದರಿಂದ ಬಸ್ಸಿಗೆ ಕೊರತೆಯಿಲ್ಲ. ರೈಲು ಇಲ್ಲ. ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮ ಹತ್ತಿರದಲ್ಲೇ ಇದೆ.

ಬಾಗಲಕೋಟೆಗೆ ಐವತ್ತು ಕಿಲೋಮೀಟರ್ ಹತ್ತಿರ ಹತ್ತಿರ. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಬೇಕಿಲ್ಲ. ಇದರಿಂದ ಎಷ್ಟೋ ಹುಡುಗಿಯರ ಓದು ಉಳಿದಿದೆ. ಆದರೆ ಹಣ ಉಳಿಯುತ್ತದೆ, ಹೊತ್ತು ಉಳಿಯುವುದಿಲ್ಲ. ದಿನಕ್ಕೆ ಎರಡೂವರೆ ಮೂರು ಗಂಟೆ ಬಸ್ಸಿನಲ್ಲಿ ಕಳೆದು ಬಂದ ಮಗು ರಾತ್ರಿ ಫಿಸಿಕ್ಸ್ ಓದಬೇಕು. ತವರಿನ ಆಸರೆ ನಿಜವಾಗಿಯೂ ದೊಡ್ಡದು. ತಾಯಿ ಇದ್ದಾರೆ, ಅಣ್ಣ ಇದ್ದಾರೆ, ನಿಮ್ಮ ಕೈಹೊಲಿಗೆ ಗೊತ್ತಿರುವವರಿದ್ದಾರೆ. ಆದರೆ ಅತ್ತೆಗೆ ಸೊಸೆಯ ತವರಿನಲ್ಲಿ ಮುಜುಗರವಾಗದಂತೆ ಮನೆ ಬೇರೆಯೇ ಇರಲಿ.

ಇಳಕಲ್

ಹುನಗುಂದದಿಂದ ಅರ್ಧ ಗಂಟೆಯ ದಾರಿ. ಮೊದಲು ಹುನಗುಂದ ತಾಲೂಕಿನಲ್ಲೇ ಇತ್ತು, ಈಗ ತಾನೇ ತಾಲೂಕಾಗಿದೆ. ಇಳಕಲ್ ಎಂದರೆ ಸೀರೆ. ಕೆಂಪು ಸೆರಗಿನ ಟೋಪ್ ತೆನೆ, ಚಿಕ್ಕಿ, ಗೋಮಿ ದಡಿ. ಸೆರಗಿನ ಹಾಸನ್ನೂ ಒಡಲಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ವಿದ್ಯೆ ಈ ಸೀರೆಯ ಗುರುತು. ಇದರ ಜೋಡಿ ತೊಡುವ ಖಣ ಬರುವುದು ಗುಳೇದಗುಡ್ಡದಿಂದ. ಸಯ್ಯದ್ ಮುರ್ತುಜಾ ಖಾದ್ರಿ ದರ್ಗಾದ ಉರೂಸಿಗೆ ಎಲ್ಲ ಸಮುದಾಯದವರೂ ಬರುತ್ತಾರೆ. ಇಲ್ಲಿನ ಕೆಂಪು ಗ್ರಾನೈಟ್ ದೇಶ ವಿದೇಶಗಳಿಗೆ ಹೋಗಿದೆ.

ನಿಮ್ಮವರ ದುಡಿಮೆಗೆ ಈ ಊರು ಹೊಂದೀತೆಂದು ನನಗೆ ಅನಿಸುತ್ತದೆ. ಗ್ರಾನೈಟ್ ಕೊಯ್ಯುವ, ಪಾಲಿಶ್ ಮಾಡುವ ಯಂತ್ರಗಳು, ವಿದ್ಯುತ್ ಮಗ್ಗಗಳು, ರೈತರ ಪಂಪ್‌ಸೆಟ್ಟುಗಳು, ಎಲ್ಲಕ್ಕೂ ಮೋಟಾರೇ. ನಿಮಗೂ ಸೀರೆಯ ಊರಿನಲ್ಲಿ ಫಾಲ್, ಕುಚ್ಚು, ರವಿಕೆ ಹೊಲಿಗೆಯ ಕೆಲಸ ಸಿಕ್ಕೀತು. ಆದರೆ ಒಂದು ಮಾತು. ನಾದಿನಿ "ಮನೆಯಲ್ಲೇ ಕೂತು ಕಂಡಿಕೆ ಸುತ್ತಿದರೂ ದುಡ್ಡು" ಎಂದಿದ್ದಾರೆಂದು ಬರೆದಿದ್ದೀರಿ. ಕೈಮಗ್ಗದ ಮುಂಚಿನ ಕೆಲಸಗಳಾದ ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವುದು ಬಹುತೇಕ ಹೆಂಗಸರ ಪಾಲಿನವು, ಕೂಲಿ ಬಹಳ ಕಡಿಮೆ. ಎಷ್ಟೋ ಮನೆಗಳಲ್ಲಿ ಅದನ್ನು ಮನೆಗೆಲಸವೆಂದೇ ಎಣಿಸಿ ಲೆಕ್ಕಕ್ಕೂ ಹಿಡಿಯುವುದಿಲ್ಲ. ಕೈಯಲ್ಲಿ ಹೊಲಿಗೆ ವಿದ್ಯೆ ಇರುವ ನೀವು ಅದನ್ನು ಬಿಟ್ಟು ಇದನ್ನು ಹಿಡಿಯಬೇಡಿ.

ಓದಿನ ವಿಷಯಕ್ಕೆ ಬಂದರೆ, ಪಿಯುಸಿಗೆ ಇಲ್ಲಿಯೂ ಕಾಲೇಜುಗಳಿವೆ. ವೃತ್ತಿ ಶಿಕ್ಷಣಕ್ಕೆ ಬಾಗಲಕೋಟೆ ಹುನಗುಂದಕ್ಕಿಂತಲೂ ದೂರ, ದಿನಾ ಹೋಗಿಬರುವುದು ಕಷ್ಟ. ಊರಿಗೆ ರೈಲಿಲ್ಲ, ಹತ್ತಿರದ ಕುಷ್ಟಗಿಗೆ 2025ರಲ್ಲಿ ರೈಲು ಬಂದಿದೆ.

ಅಳೆಯುವ ಕೋಲು

ಹೀಗೆ ಒಂದೊಂದು ಊರಿಗೆ ಒಂದೊಂದು ಗುಣ. ಹಾಗಾದರೆ ಆರಿಸುವುದು ಹೇಗೆ? ನಮ್ಮಲ್ಲಿ ಬಹಳ ಮಂದಿ ಮೊದಲು ಸಂಬಂಧಿಕರನ್ನು ನೋಡುತ್ತಾರೆ, ಆಮೇಲೆ ಬಾಡಿಗೆ, ಕೊನೆಗೆ ಮಕ್ಕಳ ಓದು. ನಾನು ಇದನ್ನು ತಿರುಗಿಸಿ ನೋಡಲು ಹೇಳುತ್ತೇನೆ. ಈ ಕುಟುಂಬದಲ್ಲಿ ಯಾವುದನ್ನು ಎರಡು ವರ್ಷ ಮುಂದೂಡಲು ಆಗುವುದಿಲ್ಲ? ಸ್ವಂತ ಮನೆಯನ್ನು ಮುಂದೂಡಬಹುದು. ದೊಡ್ಡ ಅಂಗಡಿಯನ್ನು ಮುಂದೂಡಬಹುದು. ಮಗಳ ಪಿಯುಸಿಯನ್ನು ಮುಂದೂಡಲಾಗದು. ಒಂದು ವರ್ಷ ಬಿಟ್ಟ ಹುಡುಗಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಎಂದು ನಮಗೆಲ್ಲ ಗೊತ್ತು. ಆಗ ಮದುವೆಯ ಮಾತು ಮನೆಯೊಳಗೆ ಬರುತ್ತದೆ, ಪುಸ್ತಕ ಅಟ್ಟ ಸೇರುತ್ತದೆ. ಅತ್ತೆಯ ಔಷಧವನ್ನೂ ಮುಂದೂಡಲಾಗದು. ಈ ಎರಡನ್ನು ಮೊದಲು ಇಟ್ಟರೆ ತಕ್ಕಡಿ ಬಾಗಲಕೋಟೆಯ ಕಡೆ ತೂಗುತ್ತದೆ. ಅಲ್ಲಿಯೂ ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟುಗಳಿವೆ, ನಿಮ್ಮವರ ಕೈಗೆ ಕೆಲಸ ಸಿಗದಿರದು.

ಒಂದು ವೇಳೆ ದುಡಿಮೆಗಾಗಿ ಇಳಕಲ್‌ಗೇ ಹೋಗಬೇಕಾಗಿ ಬಂದರೆ, ಬಾಗಲಕೋಟೆಯಲ್ಲಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಮಗಳ ಓದು ನಿಲ್ಲದಿರಲಿ ಎಂಬುದಷ್ಟೇ ಮುಖ್ಯ.

ಇನ್ನು ಮನೆಯ ಮಾತು. ಯಾವ ಊರಾದರೂ ಮೊದಲ ಒಂದು ವರ್ಷ ಬಾಡಿಗೆಗೆ ಇರಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯದೆ ಓಣಿಯ ನೀರಿನ ಕತೆ ತಿಳಿಯುವುದಿಲ್ಲ. ಮನೆ ನೋಡಲು ಹೋದಾಗ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮಾಲೀಕರನ್ನಲ್ಲ, ಪಕ್ಕದ ಮನೆಯ ಹೆಂಗಸನ್ನು ಕೇಳಿ. ಕೊಳ್ಳುವಾಗ ಇ-ಖಾತಾ, ಋಣಭಾರ ಪ್ರಮಾಣಪತ್ರ, ಜಾಗ ಎನ್.ಎ. ಆಗಿದೆಯೇ ಎಂಬುದನ್ನು ನೋಡಿ. ನವನಗರದಲ್ಲಿ ಮುಳುಗಡೆ ಸಂತ್ರಸ್ತರಿಗೆ ಹಂಚಿದ ನಿವೇಶನವಾದರೆ ಅದು ಮಾರುವವರ ಹೆಸರಿಗೇ ಇದೆಯೇ, ಮಾರಲು ಹಕ್ಕಿದೆಯೇ ಎಂದು ಪ್ರಾಧಿಕಾರದ ಕಚೇರಿಯಲ್ಲೇ ವಿಚಾರಿಸಿ. ನಂಬಿಕೆಯ ಮೇಲೆ ಬಿಳಿ ಹಾಳೆಯಲ್ಲಿ ಕರಾರು ಬರೆದು ಹಣ ಕೊಡಬೇಡಿ, ಸಂಬಂಧಿಕರಾದರೂ ಸರಿ. ನಿಮ್ಮ ಹೊಲಿಗೆಯ ಉಳಿತಾಯವೂ ಆ ಮನೆಗೆ ಸೇರುವುದಾದರೆ, ಖರೀದಿ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ ಎಂದು ಸಂಕೋಚವಿಲ್ಲದೆ ಹೇಳಿ. ಅದು ಅಪನಂಬಿಕೆಯಲ್ಲ, ಲೆಕ್ಕ.

ಬೆಂಗಳೂರು ಬಿಡುವ ಮೊದಲು ಮಕ್ಕಳ ಟಿ.ಸಿ., ಮಗಳ ಅಂಕಪಟ್ಟಿ, ಅತ್ತೆಯ ಹಳೇ ಚೀಟಿಗಳು ಎಲ್ಲವನ್ನೂ ಒಂದೇ ಕೈಚೀಲದಲ್ಲಿ ಹಾಕಿ ಅದನ್ನು ನಿಮ್ಮ ಜತೆಯೇ ಇಟ್ಟುಕೊಳ್ಳಿ, ಲಾರಿಗೆ ಹಾಕಬೇಡಿ. ಪಡಿತರ ಚೀಟಿ ಮತ್ತು ಆಧಾರ್ ವಿಳಾಸವನ್ನು ಹೋದ ಕೂಡಲೇ ಬದಲಿಸಿ. ಗಿರಾಕಿಗಳಿಗೆ ಹೇಳದೆ ಬರಬೇಡಿ, ಬಾಕಿ ಬಟ್ಟೆ ಮುಗಿಸಿ ಕೊಟ್ಟು ಬನ್ನಿ. ಅವರ ಒಂದು ಒಳ್ಳೆಯ ಮಾತು ಯಾವ ಊರಿನಲ್ಲಿ ಕೆಲಸಕ್ಕೆ ಬರುತ್ತದೋ ಹೇಳಲಾಗದು.

ಕೊನೆಯದಾಗಿ, ತೀರ್ಮಾನಿಸುವ ಮುಂಚೆ ನೀವಿಬ್ಬರೂ ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ನಾಲ್ಕು ದಿನ ಆ ಕಡೆ ಹೋಗಿಬನ್ನಿ. ಒಂದೊಂದು ಊರಿನಲ್ಲಿ ಒಂದೊಂದು ದಿನ ಇರಿ. ಮಗಳು ಕಾಲೇಜನ್ನು ಕಣ್ಣಾರೆ ನೋಡಲಿ. ಅತ್ತೆ ಹಳೇ ಊರಿನ ಕಡೆ ಹೋಗಿ ಒಮ್ಮೆ ಹಿನ್ನೀರಿನ ದಂಡೆಯಲ್ಲಿ ನಿಂತು ಬರಲಿ. ಇಸ್ತಿಖಾರ ಮಾಡಿ, ಅಲ್ಲಾಹನಲ್ಲಿ ಒಳಿತನ್ನು ಬೇಡಿ. ಆದರೆ ಕಾಲೇಜಿನ ಫೀಸು, ಬಸ್ಸಿನ ಹೊತ್ತು, ನಲ್ಲಿಯ ನೀರು ವಿಚಾರಿಸುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು.

ನವನಗರದ ಆ ಅಜ್ಜಿಯನ್ನು ನಾನು ಕೇಳಿದ್ದೆ, "ಅಮ್ಮಾ, ಈಗಲೂ ಬೇಜಾರಾಗುತ್ತದೆಯೇ?" ಎಂದು. ಅವರು ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ತೋರಿಸಿದರು. "ನನಗ ಆಗ್ತದ. ಇಕಿಗೆ ಇದೇ ಊರು. ಇಕಿ ಸಾಲಿ ಇಲ್ಲೇ ಐತಲ್ಲ" ಎಂದರು.

ನಿಮ್ಮ ತೀರ್ಮಾನ ಏನಾಯಿತೆಂದು ಹೊಸ ವಿಳಾಸದಿಂದ ಒಂದು ಪತ್ರ ಬರೆಯಿರಿ. ಮಗಳು ಸೈನ್ಸ್ ಸೇರಿದ ಸುದ್ದಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ.